ಗೋಮತಿಯ ಆಂಟೆನಾ ಮತ್ತು ಶಾಮರಾಯರ ಹೊಸ ಮಾಡು

ಗೋಮತಿಗೆ ಸಿಟ್ಟು ಬಂದರೆ ಅವಳ ದನಿ ಏರುವುದಿಲ್ಲ, ಇಳಿಯುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಕಳೆದವಳು ಕಲಿತ ವಿದ್ಯೆ ಅದು. ತಂತಿಯ ಆಚೆ ತುದಿಯಲ್ಲಿರುವವರು ಎಷ್ಟೇ ಕೂಗಿಕೊಂಡರೂ ಈಚೆ ತುದಿಯಲ್ಲಿರುವವರು ಕೂಗಬಾರದು. ಕೂಗಿದರೆ ಮಾತು ಒಡೆದುಹೋಗುತ್ತದೆ. ಹೀಗಾಗಿ ಅವಳನ್ನು ಬಲ್ಲವರು ಅವಳು ಗಟ್ಟಿಯಾಗಿ ಬೈಯುತ್ತಿರುವಾಗ ನಿಶ್ಚಿಂತರಾಗಿರುತ್ತಾರೆ. ಮೆಲ್ಲಗೆ ಮಾತನಾಡತೊಡಗಿದಳೆಂದರೆ ಚಪ್ಪಲಿ ಹುಡುಕುತ್ತಾರೆ.

ಕಳೆದ ಬೇಸಗೆಯ ಕೊನೆಯಲ್ಲಿ ಅವಳು ಬಹಳ ಮೆಲ್ಲಗೆ ಮಾತನಾಡಿದಳು.

ಕೋಟದ ಹೈಸ್ಕೂಲಿನಲ್ಲಿ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮೊದಲು ಒಂದು ನಿಟ್ಟುಸಿರು ಬರುತ್ತಿತ್ತು, ‘ಇಷ್ಟೂ ಗೊತ್ತಿಲ್ಲವೇ ಈ ಮಾಸ್ಟ್ರಿಗೆ’ ಎನ್ನುವ ಹಾಗೆ. ಉತ್ತರ ಸರಿಯಾಗಿಯೇ ಇರುತ್ತಿದ್ದುದರಿಂದ ನಾನು ನಿಟ್ಟುಸಿರನ್ನು ಕ್ಷಮಿಸಿಬಿಡುತ್ತಿದ್ದೆ. ಮುಂದೆ ಕುಂದಾಪುರದ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ‘ಹಲೋ’ ಎಂದ ದನಿಯನ್ನು ಕೇಳಿಯೇ ಇವರು ಶಿರೂರಿನವರು, ಇವರು ಗಂಗೊಳ್ಳಿಯವರು ಎಂದು ಹೇಳುವಷ್ಟು ಕಿವಿ ಪಳಗಿತ್ತು. ಮೊಬೈಲುಗಳು ಬಂದು ಎಕ್ಸ್‌ಚೇಂಜು ಮೂಕವಾದ ಮೇಲೆ ಸ್ವಯಂನಿವೃತ್ತಿ ಪಡೆದು ಮನೆಗೆ ಬಂದಳು. ಸುಮ್ಮನೆ ಕುಳಿತುಕೊಳ್ಳುವ ಜಾಯಮಾನ ಅವಳದಲ್ಲ. ಊರಿನ ಸೇವಾ ಸಮಿತಿಯೊಂದು ಆಂಬುಲೆನ್ಸುಗಳನ್ನು ಓಡಿಸುವುದಕ್ಕಾಗಿ ತುರ್ತು ಕರೆ ಕೇಂದ್ರವನ್ನು ತೆರೆದಾಗ, ಅದನ್ನು ನಡೆಸುವ ಹೊಣೆಯನ್ನು ಅವಳಿಗೇ ಒಪ್ಪಿಸಿದರು. ಆ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ.

ಬೈಂದೂರು, ಹೆಮ್ಮಾಡಿ, ಕುಂದಾಪುರ, ಬ್ರಹ್ಮಾವರ, ಈ ನಾಲ್ಕು ಕಡೆ ನಮ್ಮ ಗಾಡಿಗಳು ನಿಲ್ಲುತ್ತವೆ. ಕರೆ ಬರುವುದು ಕುಂದಾಪುರದ ಕೇಂದ್ರಕ್ಕೆ. ಯಾರ ಮನೆಗೆ ಯಾವ ಗಾಡಿ ಹೋಗಬೇಕೆಂದು ತೀರ್ಮಾನಿಸಿ ಚಾಲಕನಿಗೆ ಹೇಳುವುದು ಗೋಮತಿಯ ಕೆಲಸ. ಚಾಲಕರ ಮೊಬೈಲುಗಳನ್ನು ನಂಬಿಕೊಂಡು ಎಲ್ಲವೂ ಚೆನ್ನಾಗಿಯೇ ನಡೆದಿತ್ತು, ಹಿಂದಿನ ಮಳೆಗಾಲದ ಆ ಗಾಳಿಮಳೆಯವರೆಗೆ.

ಆ ದಿನ ವಿದ್ಯುತ್ತು ಹೋಯಿತು, ಅದರ ಹಿಂದೆಯೇ ಮೊಬೈಲ್ ಟವರುಗಳೂ ಒಂದೊಂದಾಗಿ ಸತ್ತವು. ನಾವುಂದದ ಸುಂದರಿ ಎಂಬ ಹೆಂಗಸಿಗೆ ಹೆರಿಗೆ ನೋವು ಎಂದು ಅಲ್ಲಿನ ಸೊಸೈಟಿಯ ತಂತಿ ಫೋನಿನಿಂದ ಕರೆ ಬಂತು. ಹೆಮ್ಮಾಡಿಯ ಗಾಡಿ ಬೇರೊಂದು ಕರೆಗೆ ಹೋಗಿತ್ತು, ಉಳಿದವುಗಳಲ್ಲಿ ಹತ್ತಿರದ್ದು ಬೈಂದೂರಿನದು. ಅದರ ಚಾಲಕ ಗುರುವನ ಮೊಬೈಲು ಮಾತ್ರ ಸತ್ತು ಮಲಗಿತ್ತು. ಗೋಮತಿ ಕುಂದಾಪುರದ ಗಾಡಿಯನ್ನೇ ಕಳುಹಿಸಿದಳು. ಅದು ಹೆದ್ದಾರಿಯಲ್ಲಿ ಬಿದ್ದ ಮರಗಳ ನಡುವೆ ಸಿಕ್ಕಿಕೊಂಡಿತು. ಕೂಸು ಆಟೋರಿಕ್ಷಾದಲ್ಲಿಯೇ ಹುಟ್ಟಿತು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಅಷ್ಟು ಹೊತ್ತೂ ಗುರುವನು ಬೈಂದೂರಿನಲ್ಲಿ ಗಾಡಿಯೊಳಗೆ ಕುಳಿತು, ಇವತ್ತು ಯಾಕೆ ಯಾರೂ ಕರೆಯಲಿಲ್ಲ ಎಂದು ಯೋಚಿಸುತ್ತಿದ್ದನಂತೆ.

ಇದನ್ನು ಗೋಮತಿಗೆ ಮರೆಯಲಾಗಲಿಲ್ಲ. ಸಮಿತಿಯವರಿಗೂ ಮರೆಯಲಾಗಲಿಲ್ಲ, ಆದರೆ ಅವರು ಅದರಿಂದ ಕಲಿತ ಪಾಠವೇ ಬೇರೆ. ಹೇಳಿ ಕಳುಹಿಸಲಾಗದ ಗಾಡಿ ಬೈಂದೂರಿನಲ್ಲಿ ಇದ್ದೇನು ಪ್ರಯೋಜನ? ಅದನ್ನು ಹೆಮ್ಮಾಡಿಗೆ ತಂದರೆ ಕಷ್ಟಕಾಲದಲ್ಲಿ ಬೈಕಿನಲ್ಲಿ ಆಳು ಕಳುಹಿಸಿಯಾದರೂ ಎಬ್ಬಿಸಬಹುದು ಎಂದು ಕೆಲವರು ವಾದಿಸಿದರು. ಬೈಂದೂರು, ಉಪ್ಪುಂದ, ಶಿರೂರಿನವರ ಗತಿಯೇನು ಎಂದು ಗೋಮತಿ ಕೇಳಿದಳು. ಟವರನ್ನೂ ವಿದ್ಯುತ್ತನ್ನೂ ನಂಬದ, ಬ್ಯಾಟರಿಯಿಂದ ನಡೆಯುವ ರೇಡಿಯೊ ಇರಿಸೋಣ ಎಂದು ಹಟ ಹಿಡಿದಳು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿಗೆಯಾಯಿತು: ಮಳೆ ಹಿಡಿಯುವ ಮೊದಲು ಸಮಿತಿಯವರ ಎದುರಿನಲ್ಲಿ ಕುಂದಾಪುರದಿಂದ ಬೈಂದೂರಿನ ಗಾಡಿಯೊಡನೆ ರೇಡಿಯೊದಲ್ಲಿ ಮಾತನಾಡಿ ತೋರಿಸಬೇಕು. ಆಗದಿದ್ದರೆ ಗಾಡಿ ಹೆಮ್ಮಾಡಿಗೆ. ಗೋಮತಿ ಗುರುವನಿಗೆ ಮಾತು ಕೊಟ್ಟಳು, ‘ನಿನ್ನ ಗಾಡಿ ಬೈಂದೂರು ಬಿಟ್ಟು ಹಂದುವುದಿಲ್ಲ’ ಎಂದು.

ಸರಕಾರದ ಪರವಾನಗಿಗಾಗಿ ಅವಳು ಅಲೆದದ್ದನ್ನು ಇಲ್ಲಿ ಬರೆಯಹೊರಟರೆ ನಾನೂ ದಣಿಯುತ್ತೇನೆ, ಓದುವವರೂ ದಣಿಯುತ್ತಾರೆ. ಅದು ಹೇಗೋ ಬಂತು. ಆಮೇಲೆ ಆಂಟೆನಾ ಯಾವುದು ಎಂಬ ಪ್ರಶ್ನೆ ಹುಟ್ಟಿತು.

ಸಮಿತಿಯ ಅಧ್ಯಕ್ಷರು ಶಾಮರಾಯರು. ಒಂದು ಕಾಲದಲ್ಲಿ ಹಂಚಿನ ಕಾರ್ಖಾನೆ ನಡೆಸಿದವರು; ಹಂಚಿನ ಕಾಲ ಮುಗಿದ ಮೇಲೆ ಕಬ್ಬಿಣದ ಶೀಟುಗಳ ವ್ಯಾಪಾರಕ್ಕಿಳಿದವರು. ಕಾರ್ಖಾನೆಯ ಹಳೆಯ ಆಫೀಸು ಕಟ್ಟಡವನ್ನು ಕೇಂದ್ರಕ್ಕೆ ಧರ್ಮಾರ್ಥವಾಗಿ ಬಿಟ್ಟುಕೊಟ್ಟವರೂ ಅವರೇ. ಧಾರಾಳಿ, ಮೃದು ಹೃದಯಿ. ಅವರಿಂದ ಆಗುವ ತೊಂದರೆಗಳೆಲ್ಲ ಆ ಮೃದು ಹೃದಯದಿಂದಲೇ ಆಗುತ್ತವೆ.

ಆಂಟೆನಾ ಕೂರಿಸಲು ಬಂದವನು ಸಾಲಿಗ್ರಾಮದ ಶೈಲೇಶ. ದೇವಸ್ಥಾನದ ಪೂಜೆಯ ಮನೆತನ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಗಂಗೊಳ್ಳಿಯ ಬೋಟುಗಳಿಗೆ ರೇಡಿಯೊ ಹಾಕಿಕೊಡುತ್ತಾನೆ. ಕೆಲಸ ತಿಳಿದವನು, ತಿಳಿದವನೆಂಬುದು ಅವನಿಗೂ ಚೆನ್ನಾಗಿ ತಿಳಿದಿದೆ. ಸುತ್ತಲೂ ಸಮನಾಗಿ ಮಾತು ಹರಡುವ ಒಂಟಿ ಕೋಲಿನ ಆಂಟೆನಾ ಒಂದು ಬಗೆಯದು, ಮುಖ ಮಾಡಿದ ದಿಕ್ಕಿಗೆ ಮಾತ್ರ ಬಲವಾಗಿ ಕಳುಹಿಸುವ, ಮೀನಿನ ಮುಳ್ಳಿನ ಆಕಾರದ್ದು ಇನ್ನೊಂದು ಬಗೆಯದು ಎಂದು ಅವನು ಸಭೆಯಲ್ಲಿ ವಿವರಿಸಿದ. ನಮಗೆ ಬೇಕಾದದ್ದು ಮೀನುಮುಳ್ಳು, ಒಂದು ಬೈಂದೂರಿನ ಕಡೆಗೆ, ಒಂದು ಬ್ರಹ್ಮಾವರದ ಕಡೆಗೆ ಎಂದ.

ಶಾಮರಾಯರಿಗೆ ಇದು ಹಿಡಿಸಲಿಲ್ಲ. ಸೇವಾ ಸಮಿತಿಯೆಂದ ಮೇಲೆ ನಾಲ್ಕು ದಿಕ್ಕಿಗೂ ಸಮಾನವಾಗಿ ಇರಬೇಕು ಎಂಬುದು ಅವರ ಧರ್ಮಬುದ್ಧಿ. ಬ್ರಹ್ಮಾವರದ ಸದಸ್ಯರೊಬ್ಬರು ಎದ್ದು, ಬೈಂದೂರಿಗೆ ಮುಖ ಮಾಡಿದ ಆಂಟೆನಾ ಬ್ರಹ್ಮಾವರಕ್ಕೆ ಬೆನ್ನು ಮಾಡಿದ ಹಾಗಾಗುವುದಿಲ್ಲವೇ ಎಂದು ಕೇಳಿದರು. ಎರಡನೆಯದು ನಿಮಗಾಗಿಯೇ ಎಂದು ಶೈಲೇಶ ಹೇಳಿದ. ಹಾಗಾದರೆ ಅದು ಎರಡನೆಯದು ಏಕೆ, ಮೊದಲನೆಯದು ಏಕಲ್ಲ ಎಂದು ಅವರು ಕೇಳಿದರು. ಮತ್ತೊಬ್ಬರು ಹಿಂದಿನ ಕಾಲದ ಟಿ.ವಿ. ಆಂಟೆನಾ ನೆನಪಿಸಿಕೊಂಡು, ಹಂಚಿನ ಮೇಲೆ ಹತ್ತಿ ‘ಈಗ ಬಂತಾ, ಈಗ ಬಂತಾ’ ಎಂದು ಕೂಗಿದ ಕಥೆಗಳನ್ನು ತೆಗೆದರು. ಚಹಾ ಎರಡು ಸಲ ಬಂತು. ಸಭೆ ಮುಂದಕ್ಕೆ ಹೋಯಿತು, ಆಂಟೆನಾ ಹೋಗಲಿಲ್ಲ.

ಗೋಮತಿ ನಿಟ್ಟುಸಿರು ಬಿಟ್ಟಳು.

“ರಾಯ್ರೆ, ನಮ್ ಊರ್ ಇಪ್ಪುದೇ ಉದ್ದಕ್ಕೆ. ಈಚಿಗೆ ಸಮುದ್ರ, ಆಚಿಗೆ ಗುಡ್ಡಿ. ಪಂಕ್ತಿ ಉದ್ದಕ್ಕೆ ಕೂತಿಪ್ಪತಿಗೆ ನಡು ನಿಂತ್ಕಂಡ್ ಸುತ್ತ ಅನ್ನ ಎರಚ್ತ್ರಾ? ಸಾಲ್ ಹಿಡ್ದ್ ಬಡ್ಸುದಲ್ದಾ?”

ಊಟದ ಮಾತು ಬಂದ ಮೇಲೆ ಎಲ್ಲರಿಗೂ ಅರ್ಥವಾಯಿತು. ಮೀನುಮುಳ್ಳು ಗೆದ್ದಿತು.

ಶೈಲೇಶ ತಾರಸಿಯ ನಡುವೆ ಕಂಬ ನಿಲ್ಲಿಸಿ, ಅದನ್ನು ಗಾಳಿಗೆ ಅಲುಗದಂತೆ ತಂತಿಗಳಿಂದ ಬಿಗಿದು, ಎರಡು ಆಂಟೆನಾಗಳನ್ನು ಎರಡು ದಿಕ್ಕಿಗೆ ಕಟ್ಟಿದ. ತಂತಿಯ ಬುಡಕ್ಕೆ ಕೊಂಡಿ ಹಾಕಲು ತಾರಸಿಯಲ್ಲಿ ತೂತುಗಳನ್ನು ಕೊರೆದಿದ್ದ. ಅವುಗಳನ್ನು ಟಾರು ಹಾಕಿ ಮುಚ್ಚಬೇಕಲ್ಲವೇ ಎಂದು ಗೋಮತಿ ಕೇಳಿದಳು. ಅಕ್ಕ, ಅದು ಸಣ್ಣ ಕೆಲಸ, ಪಾಳಿ ಮುಗಿಸಿ ಬಂದು ಮಾಡುತ್ತೇನೆ, ಮಳೆಗೆ ಇನ್ನೂ ದಿನವಿದೆ ಎಂದ. ಪಾಳಿಯೆಂದರೆ ದೇವಸ್ಥಾನದ ಪೂಜೆಯ ಸರದಿ. ಅದು ಮುಗಿಯುವವರೆಗೆ ಅವನು ಊರಿನ ಗಡಿ ದಾಟುವಂತಿಲ್ಲ. ಬ್ರಹ್ಮಾವರ ಮತ್ತು ಹೆಮ್ಮಾಡಿಯ ಗಾಡಿಗಳೊಡನೆ ಮಾತನಾಡಿ ನೋಡಿ, ಸ್ಪಷ್ಟವಾಗಿ ಕೇಳಿಸುತ್ತದೆಂದು ಖಾತ್ರಿ ಮಾಡಿಕೊಂಡು, ಅವನು ಸಾಲಿಗ್ರಾಮಕ್ಕೆ ಹೋಗಿ ಮಡಿ ಉಟ್ಟುಕೊಂಡ. ಬೈಂದೂರಿನ ಗಾಡಿಗೆ ಇನ್ನೂ ರೇಡಿಯೊ ಕೂರಿಸಿರಲಿಲ್ಲ.

ಅವನು ಹೋದ ಮರುದಿನವೇ ಅಕಾಲದ ಮಳೆಯೊಂದು ಸುರಿಯಿತು. ಶೈಲೇಶನ ಸಣ್ಣ ಕೆಲಸದ ತೂತುಗಳಿಂದ ನೀರು ಇಳಿದು ಕೆಳಗಿನ ಕೋಣೆಯಲ್ಲಿ, ಬೇರೆಲ್ಲಿಯೂ ಅಲ್ಲ, ಸರಿಯಾಗಿ ರೇಡಿಯೊ ಇಟ್ಟ ಮೇಜಿನ ಮೇಲೆ ತೊಟ್ಟಿಕ್ಕಿತು. ಗೋಮತಿ ರೇಡಿಯೊಕ್ಕೆ ಪ್ಲಾಸ್ಟಿಕ್ ಹೊದಿಸಿ, ಮೇಜಿನ ಮೇಲೆ ಚೆಂಬು ಇಟ್ಟು, ತಾರಸಿ ಸೋರುತ್ತಿದೆಯೆಂದು ಶಾಮರಾಯರಿಗೆ ತಿಳಿಸಿದಳು. ನೀವು ಬೈಂದೂರಿನ ಕೆಲಸ ನೋಡಿಕೊಳ್ಳಿ, ಇದನ್ನು ನನಗೆ ಬಿಡಿ ಎಂದರು ಶಾಮರಾಯರು. ಅವಳು ಬಿಟ್ಟಳು. ಅಲ್ಲಿಗೆ ಮುಗಿಯಿತು.

ಗೋಮತಿ ಬೈಂದೂರಿಗೆ ಹೋಗಿ, ಅಲ್ಲಿ ಕಾರುಗಳಿಗೆ ಸ್ಟೀರಿಯೊ ಹಾಕುವವನೊಬ್ಬನನ್ನು ಹಿಡಿದು ಗುರುವನ ಗಾಡಿಗೆ ರೇಡಿಯೊ ಕೂರಿಸಿದಳು. ಕೇಂದ್ರದಲ್ಲಿ ಕುಳಿತಿದ್ದ ನವ್ಯಾ ಎಂಬ ಸಹಾಯಕಿ ಅಲ್ಲಿಂದ ಕೂಗಬೇಕು, ಗಾಡಿಯಲ್ಲಿ ಕೇಳಿಸಬೇಕು. ಕೇಳಿಸಲಿಲ್ಲ. ಬೆಳಿಗ್ಗೆ ಒಂದಿಷ್ಟು ಗರಗರ ಶಬ್ದದೊಡನೆ ನಾಲ್ಕು ಅಕ್ಷರ ಬಂದಂತಾಯಿತು. ಮಧ್ಯಾಹ್ನದ ಮೇಲೆ ಅದೂ ನಿಂತಿತು. ಗೋಮತಿ ನವ್ಯಾಳಿಗೆ ಮೊಬೈಲಿನಲ್ಲಿ ಫೋನ್ ಮಾಡಿ, ಗುಂಡಿ ಸರಿಯಾಗಿ ಒತ್ತುತ್ತಿದ್ದೀಯಾ ಎಂದು ಕೇಳಿದಳು. ಒತ್ತಿ ಒತ್ತಿ ಬೆರಳು ನೋಯುತ್ತಿದೆ, ಮೇಲೆ ಮಾಡಿನ ಕೆಲಸದವರು ಬಡಿಯುವ ಸದ್ದಿಗೆ ತಲೆಯೂ ನೋಯುತ್ತಿದೆ ಎಂದಳು ನವ್ಯಾ. ಸೋರುವುದನ್ನು ನಿಲ್ಲಿಸಲು ಒಂದು ದಾರಿಯಾಯಿತಲ್ಲ ಎಂದು ಗೋಮತಿಗೆ ಸಮಾಧಾನವೇ ಆಯಿತು.

ದೋಷ ಬೈಂದೂರಿನ ಕಡೆಯದೇ ಇರಬೇಕೆಂದು ಅವಳು ನಿಶ್ಚಯಿಸಿದಳು. ಗಾಡಿಯ ಮೇಲಿನ ಆಂಟೆನಾವನ್ನು ಬಿಚ್ಚಿಸಿ ಮತ್ತೆ ಹಾಕಿಸಿದಳು. ಕೇಬಲ್ ಬದಲಿಸಿದಳು. ಬಸ್ ನಿಲ್ದಾಣದ ಹತ್ತಿರ ನಿಂತು ನೋಡಿದರು, ಕಡಲ ದಂಡೆಗೆ ಹೋಗಿ ನೋಡಿದರು, ಒತ್ತಿನೆಣೆ ಗುಡ್ಡ ಹತ್ತಿಯೂ ನೋಡಿದರು. ಸ್ಟೀರಿಯೊದವನು ತನ್ನ ಕೆಲಸದ ಮೇಲೆ ಆಣೆ ಹಾಕಿದ. ರಾತ್ರಿ ಗೋಮತಿ ಅಲ್ಲಿಯೇ ಉಳಿದಳು; ಮರುದಿನವೂ ಇದೇ ಕಥೆ. ಗುರುವ ಬಹಳ ಹೊತ್ತು ಸಹಿಸಿಕೊಂಡಿದ್ದು, ಕೊನೆಗೆ ಹೇಳಿದ:

“ಗೋಮತಕ್ಕ, ನೀವ್ ಹೀಂಗೆ ಗಾಡಿ ತಿರುಗ್ಸಿರೆ ಹೆಮ್ಮಾಡಿಗೆ ಹೋಪುಕೂ ಡೀಸೆಲ್ ಉಳುದಿಲ್ಲೆ.”

ಅವಳು ಸಂಜೆ ಬಸ್ಸಿನಲ್ಲಿ ಕುಂದಾಪುರಕ್ಕೆ ಮರಳಿದಳು. ಕೇಂದ್ರದ ಗೇಟಿನ ಬಳಿ ಬಂದು ತಲೆ ಎತ್ತಿ ನೋಡಿದಳು. ತಾರಸಿಯ ಮೇಲೆ ನೀಲಿ ಬಣ್ಣದ ಕಬ್ಬಿಣದ ಶೀಟಿನ ಹೊಸ ಮಾಡು ಮಿರಮಿರ ಮಿಂಚುತ್ತಿತ್ತು. ಎರಚಲು ಹೊಡೆಯಬಾರದೆಂದು ಮೂರು ಬದಿಗೂ ಶೀಟನ್ನು ಕೆಳಗಿನವರೆಗೆ ಇಳಿಬಿಟ್ಟಿದ್ದರು. ಆಂಟೆನಾ ಎಲ್ಲಿಯೂ ಕಾಣಲಿಲ್ಲ.

ನಮ್ಮ ಕರಾವಳಿಯವರ ಸ್ವಭಾವವನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ. ಮೇ ತಿಂಗಳು ಬಂತೆಂದರೆ ನಾವು ಕಂಡದ್ದನ್ನೆಲ್ಲ ಮುಚ್ಚುತ್ತೇವೆ. ಸೌದೆ ಮುಚ್ಚುತ್ತೇವೆ, ಹುಲ್ಲು ಮುಚ್ಚುತ್ತೇವೆ, ಬಾವಿ ಮುಚ್ಚುತ್ತೇವೆ, ಜಗಲಿಗೆ ತಟ್ಟಿ ಕಟ್ಟುತ್ತೇವೆ. ತಾರಸಿ ಮನೆ ಕಟ್ಟಿ, ಆ ತಾರಸಿಯೂ ನೆನೆಯಬಾರದೆಂದು ಅದರ ಮೇಲೊಂದು ಶೀಟಿನ ಮಾಡು ಹಾಕುತ್ತೇವೆ. ಬಯಲಿನಲ್ಲಿ ನಿಂತ ಯಾವ ವಸ್ತುವನ್ನು ಕಂಡರೂ ‘ಪಾಪ, ನೆನೆಯುತ್ತದಲ್ಲ’ ಎಂದು ನಮ್ಮ ಜೀವ ಚುರುಕ್ಕೆನ್ನುತ್ತದೆ. ಅದರಲ್ಲಿಯೂ ಶಾಮರಾಯರು ಜನ್ಮವಿಡೀ ಮಾಡು ಹೊದಿಸಿಯೇ ಬದುಕಿದವರು.

ಅವರು ಮೇಲೆಯೇ ಇದ್ದರು, ತಮ್ಮ ಕೆಲಸವನ್ನು ನೋಡಿ ಸಂತೋಷಪಡುತ್ತ. ನಾನೂ ಜೊತೆಗಿದ್ದೆ. ಗೋಮತಿ ಮೆಟ್ಟಿಲು ಹತ್ತಿ ಬಂದು ನೋಡಿದರೆ, ಕಂಬ ಶೀಟಿಗಿಂತ ಎತ್ತರವಾಗುತ್ತದೆಂದು ಅದನ್ನು ಬಿಚ್ಚಿ ಮೂಲೆಗಿಟ್ಟಿದ್ದರು. ಎರಡು ಆಂಟೆನಾಗಳನ್ನೂ ಮಾಡಿನ ಒಳಗಡೆ, ಶೀಟನ್ನು ಹೊತ್ತ ಪಕಾಸಿಗೆ, ನೈಲಾನ್ ಹಗ್ಗದಿಂದ ಅಚ್ಚುಕಟ್ಟಾಗಿ ತೂಗುಹಾಕಿದ್ದರು. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಎಣ್ಣೆಯನ್ನೂ ಸವರಿದ್ದರು.

“ಎಂತ ಮಾಡ್ದ್ರಿ ರಾಯ್ರೆ ಇದ್?” ದನಿ ಎಷ್ಟು ಕೆಳಗಿಳಿದಿತ್ತೆಂದರೆ ನನಗೆ ಕಷ್ಟದಿಂದ ಕೇಳಿಸಿತು.

“ಮಳಿ ಬಂದ್ರೆ ನೆನಿತಿತ್ತಲ್ದಾ ಪಾಪ. ಅಷ್ಟ್ ಒಳ್ಳೆ ಸಾಮಾನ್.”

“ಅದ್ ನೆನಿಲಿ ಅಂತ್ಲೇ ಮಾಡದ್ ಮರಾಯ್ರೆ.”

ಕಬ್ಬಿಣದ ಪೆಟ್ಟಿಗೆಯೊಳಗೆ ಕುಳಿತು ಕೂಗಿದರೆ ಹೊರಗೆ ಯಾರಿಗೆ ಕೇಳಿಸುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಎರಡು ದಿನ ಬೈಂದೂರಿನಲ್ಲಿ ಇಲ್ಲದ ದೋಷವನ್ನು ಹುಡುಕಿದ್ದನ್ನೂ ಹೇಳಿದಳು. ಶಾಮರಾಯರು ನಂಬಲಿಲ್ಲ. ತಮ್ಮ ಮನೆಗೂ ಇದೇ ಶೀಟು, ಒಳಗೆ ಕುಳಿತು ಮುಂಬಯಿಯ ಮಗಳೊಡನೆ ಮೊಬೈಲಿನಲ್ಲಿ ಗಂಟೆಗಟ್ಟಲೆ ಮಾತನಾಡುತ್ತೇವಲ್ಲ ಎಂದರು. ಟವರು ಮನೆಯ ಹಿಂದೆಯೇ ಇದ್ದರೆ ಯಾರಾದರೂ ಮಾತನಾಡುತ್ತಾರೆ ಎಂದಳು ಗೋಮತಿ. ಹಾಗಾದರೆ ಏನು ಮಾಡಬೇಕೆನ್ನುತ್ತೀರಿ ಎಂದರು. ಮಾಡಿಗೆ ತೂತು ಕೊರೆದು ಕಂಬವನ್ನು ಹೊರಗೆ ನಿಲ್ಲಿಸಬೇಕು ಎಂದಳು.

ಶಾಮರಾಯರ ಮುಖ ನೋಡಿ ನನಗೇ ಅಯ್ಯೋ ಎನಿಸಿತು. ಹೊಸ ಮಾಡಿಗೆ, ಅದೂ ಮಳೆಯ ಮುಂಚೆ, ತೂತು! ನಾನು ಬದುಕಿರುವವರೆಗೆ ಅದು ಸಾಧ್ಯವಿಲ್ಲ ಎಂದುಬಿಟ್ಟರು. ಮಾಡು ಹಾಕಿದ್ದಾದರೂ ಏಕೆ, ನಿಮ್ಮ ಶೈಲೇಶ ಕೊರೆದ ತೂತು ಸೋರಿದ್ದರಿಂದಲ್ಲವೇ ಎಂದು ಕೇಳಿದರು. ತಾರಸಿ ಕೊರೆದವನು ಪಾಳಿಯಲ್ಲಿ, ಮಾಡು ಹೊದಿಸಿದವರು ಪುಣ್ಯದಲ್ಲಿ, ನಡುವೆ ಗೋಮತಿ.

ಕೊನೆಗೆ ಒಂದು ಒಪ್ಪಂದವಾಯಿತು. ಮರುದಿನ ಶಾಮರಾಯರೇ ಬೈಂದೂರಿಗೆ ಹೋಗಿ ಗುರುವನ ಗಾಡಿಯಲ್ಲಿ ಕುಳಿತುಕೊಳ್ಳುವುದು. ಗೋಮತಿ ಇಲ್ಲಿಂದ ಕರೆಯುವುದು. ಸಮಿತಿಯ ಪರವಾಗಿ ಅಲ್ಲಿ ಅವರು, ಇಲ್ಲಿ ನಾನು. ಅದೇ ಪರೀಕ್ಷೆ. ತಮ್ಮ ಕಿವಿಯಿಂದಲೇ ಮೌನವನ್ನು ಕೇಳಿ ಬಂದರೆ ರಾಯರು ತೂತಿಗೆ ಒಪ್ಪಿಯಾರು ಎಂಬುದು ಗೋಮತಿಯ ಲೆಕ್ಕ.

ಬೆಳಿಗ್ಗೆ ಅವಳು ಆ ನೀಲಿ ಮಾಡಿನ ಕೆಳಗೆ ಕುಳಿತು ಕರೆದದ್ದೇ ಕರೆದದ್ದು. ಬೈಂದೂರಿನಿಂದ ಉಸಿರಿಲ್ಲ. ಸ್ವಲ್ಪ ಹೊತ್ತಿಗೆ ಶಾಮರಾಯರು ಮೊಬೈಲಿನಿಂದಲೇ ಫೋನ್ ಮಾಡಿದರು. ಗೋಮತಿ ಸ್ಪೀಕರ್ ಹಾಕಿದಳು.

“ಗೋಮತಿ, ಇಲ್ಲ್ ಎಂತದೂ ಕೇಂತಿಲ್ಲೆ. ನಂಗೆ ಮೊದ್ಲೇ ಗೊತ್ತಿತ್ತ್, ಆ ಮೀನ್‌ಮುಳ್ಳ್ ಆತಿಲ್ಲೆ ಅಂತ. ಇನ್ ವಾದ ಎಂತಕೆ? ತಂಗಿ ಮನೆಲಿ ಊಟ ಮುಗ್ಸಿ ಹೊರಡ್ತೆ. ಗುರುವ ಗಾಡಿ ತಕಂಡ್ ನನ್ ಹಿಂದೇ ಹೆಮ್ಮಾಡಿಗೆ ಬರ್ಲಿ. ಇವತ್ತೇ ಮುಗಿಲಿ.”

ಹಿಂದಿನಿಂದ ಗುರುವ ಏನೋ ಹೇಳಿದ್ದು ಕೇಳಿಸಿತು. ಶಾಮರಾಯರು ಅವನಿಗೆ ಸಮಾಧಾನ ಹೇಳಿದ್ದೂ ಕೇಳಿಸಿತು. ಹೆಮ್ಮಾಡಿಯೂ ಒಳ್ಳೆಯ ಊರೇ ಎನ್ನುತ್ತಿದ್ದರು. ಫೋನು ನಿಂತಿತು. ಅವಳ ಲೆಕ್ಕ ತಲೆಕೆಳಗಾಗಿತ್ತು. ಮೌನವನ್ನು ಕೇಳಿದ ರಾಯರು ತಪ್ಪನ್ನು ಮಾಡಿನ ಮೇಲೆ ಹೊರಿಸಲಿಲ್ಲ, ಆಂಟೆನಾದ ಮೇಲೆ ಹೊರಿಸಿದರು.

ಗೋಮತಿ ಎದ್ದು ತಾರಸಿಗೆ ಹತ್ತಿದಳು, ನಾನೂ ಹಿಂದೆ ಹೋದೆ. ಆಮೇಲೆ ಅಂಗಳದಲ್ಲಿ ಉಳಿದ ಶೀಟುಗಳನ್ನು ಜೋಡಿಸುತ್ತಿದ್ದ ದೇವುವನ್ನು ಕರೆದಳು. ಶಾಮರಾಯರ ಬಳಿ ಬಹುಕಾಲದಿಂದ ಮಾಡಿನ ಕೆಲಸ ಮಾಡಿಕೊಂಡಿರುವ ಮನುಷ್ಯ ಅವನು. ಶೀಟು ಕತ್ತರಿಸುವ ಮಿಷನ್ ತೆಗೆದುಕೊಂಡು ಮೇಲೆ ಬಾ, ಕಂಬ ಹೋಗುವಷ್ಟು ತೂತು ಕೊರೆ ಎಂದಳು. ಅವನು ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಧಣಿಗಳ್ ನನ್ ಕೊಲ್ತ್ರ್ ಅಮ್ಮ. ನಿನ್ನೆ ನಾನೇ ಹೊಡ್ದ ಶೀಟ್ ಅದ್.”

“ಧಣಿಗಳ್ ಬೈಂದೂರಂಗೆ ಹಲ್ಸಿನ್ ಹಣ್ಣಿನ್ ಕಡ್ಬ್ ತಿಂತಾ ಇದ್ರ್. ಕೊಲ್ಲುಕೆ ಬಪ್ಪತಿಗೆ ಹೊತ್ತಾತ್. ನನ್ ಹೆಸ್ರ್ ಹೇಳ್.” ನನ್ನ ಕಡೆ ತಿರುಗಿದಳು. “ಮಾಸ್ಟ್ರೆ, ನೀವ್ ಬೇಕಾರೆ ಕೆಳ್ಗ್ ಕೂಕಣಿ.”

ನಾನು ಕೆಳಗೆ ಹೋಗಲಿಲ್ಲ. ಹೋಗಬೇಕೆಂದೂ ಅನಿಸಲಿಲ್ಲ.

ದೇವು ಕೊರೆಯತೊಡಗಿದ. ಇತ್ತ ಗೋಮತಿ ಸಾಲಿಗ್ರಾಮಕ್ಕೆ ಫೋನ್ ಮಾಡಿದಳು. ಶೈಲೇಶ ಮಡಿಯಲ್ಲಿದ್ದಾನೆ, ಫೋನ್ ಮುಟ್ಟುವಂತಿಲ್ಲ ಎಂದಳು ಅವನ ಹೆಂಡತಿ ರಂಜನಿ. ಮುಟ್ಟುವುದು ಬೇಡ, ಮಾತನಾಡಿದರೆ ಸಾಕು ಎಂದಳು ಗೋಮತಿ. ರಂಜನಿ ಕೆರೆಯ ಮೆಟ್ಟಿಲಿನ ಬಳಿ, ಅವನಿಗೆ ತಾಗದಷ್ಟು ದೂರದಲ್ಲಿ, ಫೋನನ್ನು ಆರತಿಯ ಹಾಗೆ ಹಿಡಿದು ನಿಂತಳು. ಒದ್ದೆ ಬಟ್ಟೆಯ ಶೈಲೇಶ ಅಲ್ಲಿಂದಲೇ ಕೂಗಿ ಕೂಗಿ ಹೇಳಿದ. ಬೈಂದೂರಿನದನ್ನು ಕಡಲ ದಂಡೆಯ ಗೆರೆ ಹಿಡಿದು ಬಡಗಣಕ್ಕೆ ತಿರುಗಿಸಿ, ತುಸುವೇ ಪಡುವಣಕ್ಕೆ ವಾಲಿಸಬೇಕು. ಬ್ರಹ್ಮಾವರದ್ದನ್ನು ಅದಕ್ಕೆ ಸರಿಯಾಗಿ ಬೆನ್ನಿಗೆ ಬೆನ್ನು. ಮುಳ್ಳುಗಳು ಹೇಗಿವೆ ಎಂದು ಕೇಳಿದ. ದೇವು ಮೇಲಿನಿಂದ, ಟಿ.ವಿ. ಆಂಟೆನಾದ ಹಾಗೆ ಚೆನ್ನಾಗಿ ಮಲಗಿಸಿ ಕಟ್ಟುತ್ತಿದ್ದೇನೆ ಎಂದ. ಅಯ್ಯೋ ಮಲಗಿಸಬೇಡಿ, ಗಾಡಿಯ ಮೇಲಿನ ಕೋಲು ನಿಂತಿರುತ್ತದೆ, ಮುಳ್ಳುಗಳೂ ನಿಂತೇ ಇರಬೇಕು ಎಂದು ಶೈಲೇಶ ಬೊಬ್ಬೆ ಹೊಡೆದ. ಅಷ್ಟರಲ್ಲಿ ದೇವಸ್ಥಾನದ ಗಂಟೆ ಕೇಳಿಸಿತು, ಅವನು ಓಡಿದ. ತಾರಸಿಯ ತೂತುಗಳ ವಿಷಯವಾಗಿ ಅವನಿಗೆ ಎರಡು ಮಾತು ಹೇಳಬೇಕೆಂದು ಕಾಯುತ್ತಿದ್ದ ಗೋಮತಿ ಅವನ್ನು ರಂಜನಿಗೆ ಹೇಳಿದಳು. ನಾನೂ ಇದನ್ನೇ ಹೇಳುತ್ತಿರುತ್ತೇನೆ ಅಕ್ಕ, ಯಾವ ಕೆಲಸದಲ್ಲಿಯೂ ಕೊನೆಯ ಸಣ್ಣದೊಂದನ್ನು ಬಾಕಿ ಇಡುತ್ತಾರೆ ಎಂದಳು ರಂಜನಿ. ಇಬ್ಬರಿಗೂ ಸ್ವಲ್ಪ ಹಗುರವಾಯಿತು.

ಕಂಬ ನೀಲಿ ಮಾಡನ್ನು ಸೀಳಿ ಮೇಲಕ್ಕೆ ಹೋಯಿತು. ದೇವು ಮುಳ್ಳುಗಳನ್ನು ನಿಲ್ಲಿಸಿ ಕಟ್ಟಿದ, ತಂತಿ ಬಿಗಿದ. ಗೋಮತಿ ಕೇಬಲ್ ಸಿಕ್ಕಿಸಿ, ಅದರ ಗಂಟಿಗೆ ರಬ್ಬರ್ ಪಟ್ಟಿ ಸುತ್ತಿ, ಕೆಳಗೆ ಬಂದು ಮೈಕು ಹಿಡಿದಳು. ಅವಳ ಸೆರಗಿಗೆಲ್ಲ ಎಣ್ಣೆ. ನಾನು ಅವಳ ಎದುರು ಕುಳಿತೆ.

“ಬೈಂದೂರು, ಬೈಂದೂರು. ಕುಂದಾಪುರದಿಂದ ಗೋಮತಿ.”

ಏನೂ ಇಲ್ಲ. ಊಟ ಮುಗಿಸಿ ಹೊರಟುಬಿಟ್ಟರೋ ಏನೋ ಎಂದು ನವ್ಯಾ ಮೆಲ್ಲನೆ ಅಂದಳು. ಗೋಮತಿ ಮತ್ತೆ ಕರೆದಳು. ಆಗ ಪೆಟ್ಟಿಗೆಯೊಳಗಿಂದ ಗುರುವನ ದನಿ, ಪಕ್ಕದ ಕೋಣೆಯಲ್ಲಿ ನಿಂತು ಮಾತನಾಡಿದಷ್ಟು ಸ್ಪಷ್ಟವಾಗಿ, ಹೊರಬಿತ್ತು.

“ಗೋಮತಕ್ಕ, ಕೇಂತ್ ಕಾಣಿ. ಗಾಡಿ ಸ್ಟಾರ್ಟ್ ಮಾಡ್ತಾ ಇದ್ದೆ. ಸಮಾ ಕೇಂತ್.”

“ರಾಯ್ರ್ ಇದ್ರಾ?”

“ನನ್ ಬದಿಗೇ ಇದ್ರ್.”

“ರಾಯ್ರೆ, ನಿಮ್ ಹೊಸ ಮಾಡಿಗೆ ಒಟ್ಟಿ ಕೊರ್ಸಿದೆ. ಕಂಬ ಹೊರ್ಗಿತ್ತ್. ಹಾಂಗಾಯಿ ನಿಮ್ಗ್ ನಾ ಕೇಂತಿಪ್ಪುದ್. ದೇವುದ್ ಎಂತದೂ ತಪ್ಪಿಲ್ಲೆ.”

ರೇಡಿಯೊದಿಂದ ಏನೂ ಬರಲಿಲ್ಲ. ಶಾಮರಾಯರು ಬೈಯುತ್ತಿದ್ದರಂತೆ, ಗುಂಡಿ ಒತ್ತಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಗುರುವ ತೋರಿಸಿಕೊಟ್ಟಿರಬೇಕು, ಬೈಗುಳ ಅರ್ಧದಿಂದ ಕೇಳಿಸತೊಡಗಿತು. ಒತ್ತಿದ ಗುಂಡಿಯನ್ನು ಬಿಡಬೇಕೆಂಬುದೂ ಅವರಿಗೆ ತಿಳಿದಿರಲಿಲ್ಲವಾದ್ದರಿಂದ ಅದು ಬಹಳ ಹೊತ್ತು ನಡೆಯಿತು. ತಾವು ಎಷ್ಟು ಮನೆಗಳಿಗೆ ಮಾಡು ಹೊದಿಸಿದ್ದೇವೆ, ಯಾವ ಮನೆಯವರೂ ಇಂಥ ಅನ್ಯಾಯ ಮಾಡಲಿಲ್ಲ ಎಂಬಲ್ಲಿಗೆ ಬಂದಾಗ ಉಸಿರು ಕಟ್ಟಿ ನಿಂತರು, ಗುಂಡಿಯ ಮೇಲಿನ ಬೆರಳೂ ಸಡಿಲಿತು. ಒಂದಕ್ಷರವೂ ಒಡೆಯದೆ, ಗರಗರವಿಲ್ಲದೆ, ಪೂರ್ತಿ ಬೈಗುಳ ನಮಗೆ ತಲುಪಿತು. ನವ್ಯಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಆ ಬಿಡುವಿನಲ್ಲಿ ಇನ್ನೊಂದು ದನಿ ಬಂತು. ಬ್ರಹ್ಮಾವರದ ಗಾಡಿಯ ಚಾಲಕ. ಬೈಂದೂರು ದೂರವಾದ್ದರಿಂದ ಅವನಿಗೆ ಗೋಮತಿಯ ಮಾತು ಮಾತ್ರ ಕೇಳಿಸಿತ್ತು.

“ಅಕ್ಕ, ಒಟ್ಟಿ ಹಾಕದ್ದ್ ಇಲ್ಲಿಗೂ ಕೇಂತ್. ಧಣಿಗಳ್ ಎಂತ ಹೇಳ್ದ್ರ್?”

ಅವನಿಗೆ ಸುಮ್ಮನಿರಲು ಹೇಳಿ ಗೋಮತಿ ಮತ್ತೆ ಬೈಂದೂರನ್ನು ಕರೆದಳು. “ರಾಯ್ರೆ, ನೀವ್ ಬೈದದ್ದ್ ಒಂದೂ ಬಿಡ್ದೆ ಕೇಂತ್. ಮಾಸ್ಟ್ರೂ ಕೇಂಡ್ರ್. ಈಗ ಹೇಳಿ, ಗಾಡಿ ಎಲ್ಲ್ ನಿಲ್ಕ್?”

ಮೈಕನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ಮಡಿಲಿನಲ್ಲಿ ಇರಿಸಿಕೊಂಡಳು. ಇಷ್ಟು ದಿನಗಳಲ್ಲಿ ಅವಳು ಹೆದರಿದ್ದನ್ನು ನಾನು ಕಂಡದ್ದು ಆಗ ಮಾತ್ರ.

“ಗಾಡಿ ಇಲ್ಲೇ ಇರ್ಲಿ,” ಎಂದರು ಶಾಮರಾಯರು. “ನಾನೊಬ್ನೇ ಬತ್ತೆ. ಆ ದೇವುನ ಅಲ್ಲೇ ನಿಲ್ಸ್ಕಣಿ.”

ದೇವು ನಿಲ್ಲಲಿಲ್ಲ. ಏಣಿಯನ್ನೂ ಮಿಷನ್ನನ್ನೂ ಅಲ್ಲಿಯೇ ಬಿಟ್ಟು ಮನೆಗೆ ಹೋದ.

ಶಾಮರಾಯರು ಬರುವ ಹೊತ್ತಿಗೆ ಹನಿ ಬೀಳತೊಡಗಿತ್ತು. ಗೋಮತಿಯೊಡನೆ ಮಾತನಾಡದೆ ನೇರವಾಗಿ ಮೇಲಕ್ಕೆ ಹೋದರು. ಏಣಿ ಹತ್ತಿ ತೂತನ್ನು ನೋಡಿದರು. ಅವರ ಕೋಪ ಹೊಸ ದಾರಿ ಹಿಡಿಯಿತು. ತೂತು ಕೊರೆದದ್ದಕ್ಕಲ್ಲ, ಇಷ್ಟು ಕೆಟ್ಟದಾಗಿ ಕೊರೆದದ್ದಕ್ಕೆ. ಅಂಚು ಹಲ್ಲುಹಲ್ಲಾಗಿತ್ತು, ಕಂಬದ ಸುತ್ತ ಒಂದು ಕಡೆ ಕೈ ತೂರುವಷ್ಟು ಸಂದು ಬಿಟ್ಟಿತ್ತು. ನಮ್ಮ ಆಳು ಮಾಡಿದ ಕೆಲಸವೆಂದು ಹೊರಗೆ ಹೇಳುವುದಕ್ಕೂ ನಾಚಿಕೆ ಎಂದರು. ಅಂಗಳದಿಂದ ತಗಡಿನ ತುಂಡೊಂದನ್ನು ತರಿಸಿ, ತಾವೇ ಅದನ್ನು ಕತ್ತರಿಸಿ, ಹಿಂದಿನ ಕಾಲದಲ್ಲಿ ಅಡುಗೆಮನೆಯ ಹೊಗೆಗೂಡಿಗೆ ಹಾಕುತ್ತಿದ್ದ ಹಾಗೆ ಕಂಬಕ್ಕೊಂದು ಕೊರಳಪಟ್ಟಿ ಮಾಡತೊಡಗಿದರು. ನಾನು ಕೊಡೆ ಹಿಡಿದು ನಿಂತೆ. ಈ ವಯಸ್ಸಿನಲ್ಲಿ ಏಣಿ ಹತ್ತಬೇಡಿ, ತಾರಸಿಯ ಕಟ್ಟೆಯ ಮೇಲೆ ಕುಳಿತು ನವ್ಯಾಳಿಗೆ ಹೇಳಿ ಮಾಡಿಸಿ ಎಂದು ಕೆಳಗಿನಿಂದ ಗೋಮತಿ ಎರಡು ಸಲ ಹೇಳಿ ಕಳುಹಿಸಿದಳು. ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದ್ದನ್ನು ತೋರಿಸಿಕೊಳ್ಳಲಿಲ್ಲ. ಕೊನೆಗೆ ಅವಳೇ ಮೇಲೆ ಬಂದು ಏಣಿಯ ಬುಡ ಹಿಡಿದುಕೊಂಡಳು. ಮುಖ ಬಿಗಿದೇ ಇತ್ತು.

ಕೆಳಗೆ ರೇಡಿಯೊ ಮಾತನಾಡಿತು. ಗುರುವನ ದನಿ, ಹಿಂದೆ ಎಂಜಿನ್ನಿನ ಸದ್ದು. ನವ್ಯಾ ಉತ್ತರ ಕೊಟ್ಟದ್ದೂ ಕೇಳಿಸಿತು.

ಶಾಮರಾಯರು ಸುತ್ತಿಗೆ ನಿಲ್ಲಿಸಿದರು. “ಗುರುವ ಎಲ್ಲಿಗ್ ಹೊರಟದ್?”

“ಉಪ್ಪುಂದಕ್ಕೆ,” ಎಂದಳು ಗೋಮತಿ. “ಯಾರೋ ಅಜ್ಜಿ ಬಚ್ಚಲಲ್ಲ್ ಜಾರಿದ್ರಂಬ್ರ್. ನೀವ್ ಸಮಾ ಹಿಡ್ಕಣಿ, ಜಾರ್‌ಬೇಡಿ.”

ಅವರು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಕೊನೆಯ ಮೊಳೆಯನ್ನು ಹೊಡೆದರು.